ಗಡುವು ಮೀರಿದವರೇ ದಂಡ ಹಾಕುವ ಊರು

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಮನೆ ಮಾಲೀಕರಿಗೆ ಗಡುವಿನ ಚಿಂತೆ. ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ. ತಿಂಗಳು ದಾಟಿದರೆ ರಿಯಾಯಿತಿ ಹೋಯಿತು; ಇನ್ನೂ ತಡವಾದರೆ ಬಡ್ಡಿ, ದಂಡ, ನೋಟಿಸು, ಕಟ್ಟಕಡೆಗೆ ಬಾಗಿಲಿಗೆ ಬೀಗಮುದ್ರೆ. ಕೆಂಪು ದೀಪ ಬಿದ್ದ ಮೇಲೆ ಗಡಿಬಿಡಿಯಲ್ಲಿ ಸಿಗ್ನಲ್ ದಾಟಿದ ಸ್ಕೂಟರ್ ಸವಾರನ ಹೆಸರಿಗೆ ಕ್ಯಾಮೆರಾ ತೆಗೆದ ಚಿತ್ರದೊಂದಿಗೆ ದಂಡ ದಾಖಲಾಗುತ್ತದೆ. ಈ ಊರಿನಲ್ಲಿ ನಿವಾಸಿ ಮಾಡುವ ಪ್ರತಿಯೊಂದು ತಡಕ್ಕೂ, ಪ್ರತಿಯೊಂದು ತಪ್ಪಿಗೂ ದರಪಟ್ಟಿ ಇದೆ.

ದರಪಟ್ಟಿಗೆ ಸೇರದ ತಪ್ಪು ಒಂದಿದೆ. 2020ರ ಸೆಪ್ಟೆಂಬರ್ 10ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿಯಿತು. ಅವಧಿ ತೀರುವ ಮೊದಲೇ ಹೊಸ ಚುನಾವಣೆ ನಡೆದು ಮುಗಿದಿರಬೇಕು ಎಂಬುದು ಸಂವಿಧಾನದ 243–ಯು ವಿಧಿಯ ಕಟ್ಟಾಜ್ಞೆ. ಆದರೆ ಐದು ವರ್ಷ, ಅಂದರೆ ಒಂದು ಕೌನ್ಸಿಲ್‌ನ ಪೂರ್ತಿ ಆಯಸ್ಸು, ಚುನಾವಣೆಯೇ ಇಲ್ಲದೆ ಕಳೆಯಿತು. 2025 ಮುಗಿಯುವಾಗಲೂ ಕೋಟಿ ಮೀರಿದ ಜನರ ಈ ಊರಿಗೆ ಒಬ್ಬ ಮೇಯರ್ ಇರಲಿಲ್ಲ, ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಗಡುವು ಮೀರಿದವರು ಬಡ್ಡಿ ಕಟ್ಟಲಿಲ್ಲ, ದಂಡ ತೆರಲಿಲ್ಲ, ಅವರ ಬಾಗಿಲಿಗೆ ಯಾರೂ ಬೀಗಮುದ್ರೆ ಒತ್ತಲಿಲ್ಲ.

ಇದನ್ನು ‘ಆಡಳಿತಾತ್ಮಕ ವಿಳಂಬ’ ಎಂದು ಮೃದುವಾಗಿ ಕರೆದದ್ದು ಸಾಕು. ಇದು ಗೊತ್ತಿದ್ದೂ ಮಾಡಿದ ಸಂವಿಧಾನದ ಉಲ್ಲಂಘನೆ. 2023ರ ಮೇವರೆಗೆ ಬಿಜೆಪಿ ಸರ್ಕಾರ ಮಾಡಿತು. ಬಳಿಕ ಬಂದ ಕಾಂಗ್ರೆಸ್ ಸರ್ಕಾರ ಅದನ್ನೇ ಚಾಚೂ ತಪ್ಪದೆ ಮುಂದುವರಿಸಿತು. ಬೀದಿಯಲ್ಲಿ ಕಾನೂನು ಜಾರಿ ಮಾಡುವ ಕೈ ದಿನೇ ದಿನೇ ಬಲಿಯುತ್ತ ಹೋದ ಇದೇ ಅವಧಿಯಲ್ಲಿ ಆ ಕೈ ಹಿಡಿದು ಪ್ರಶ್ನಿಸಬೇಕಾದ ಸಭೆಯ ಬಾಗಿಲು ಮುಚ್ಚಿತ್ತು. ಮೂಲ ಕಾನೂನನ್ನೇ ಮುರಿದ ಆಡಳಿತಕ್ಕೆ ಸೊಪ್ಪು ಮಾರುವವಳ ಮುಂದೆ ನಿಂತು ಕಾನೂನು ಹೇಳುವ ನೈತಿಕ ಹಕ್ಕಿಲ್ಲ. ಇದು ನಮ್ಮ ತೀರ್ಪು. ಕಾರಣಗಳು ಇಲ್ಲಿವೆ.

ಪ್ರತಿ ನಗರಕ್ಕೂ ಒಂದು ಸನ್ನದು ಬೇಕು. ಯಾರು ಆಳಬೇಕು, ಏನನ್ನು ಆಳಬೇಕು, ಎಷ್ಟು ತೆರಿಗೆ ಎತ್ತಬಹುದು, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂದು ಹೇಳುವ ಮೂಲಪತ್ರ ಅದು. ನಮ್ಮಲ್ಲಿ ಅದು ವಿಧಾನಮಂಡಲ ಮಾಡಿದ ಕಾಯ್ದೆಯ ರೂಪದಲ್ಲಿರುತ್ತದೆ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬೆಂಗಳೂರನ್ನು ಆಳಿದ್ದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ. ರಾಜಧಾನಿಗೆ ಪ್ರತ್ಯೇಕ ಕಾಯ್ದೆ ಬೇಕು ಎಂದು 2020ರಲ್ಲಿ ಬಿಬಿಎಂಪಿ ಕಾಯ್ದೆ ಮಾಡಿದರು. 2021ರ ಜನವರಿಯಲ್ಲಿ ಅದು ಜಾರಿಗೆ ಬಂತು. ವಾರ್ಡ್ ಸಮಿತಿ, ವಲಯ ಸಮಿತಿ, ಎರಡೂವರೆ ವರ್ಷ ಕುರ್ಚಿಯಲ್ಲಿ ಕೂರುವ ಮೇಯರ್ ಎಲ್ಲವೂ ಅದರಲ್ಲಿತ್ತು. 2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾಗಿ ಹಳೆಯದು ಮೂಲೆ ಸೇರಿತು. ನಡುವಿನ ನಾಲ್ಕು ವರ್ಷ ನಾಲ್ಕು ತಿಂಗಳಲ್ಲಿ ಆ ಕಾಯ್ದೆಯಡಿ ಒಂದೇ ಒಂದು ಚುನಾವಣೆ ನಡೆಯಲಿಲ್ಲ. ಒಬ್ಬ ಮತದಾರನ ಬೆರಳಿನ ಶಾಯಿಯನ್ನೂ ನೋಡದೆ ಹುಟ್ಟಿ, ನೋಡದೆಯೇ ಸತ್ತ ಸನ್ನದು ಅದು.

ಚುನಾವಣೆ ನಡೆಸದಿರಲು ಪ್ರತಿ ಸಲವೂ ಒಂದು ಲೆಕ್ಕ ಸಿದ್ಧವಾಗಿತ್ತು. 198 ವಾರ್ಡ್ ಇದ್ದದ್ದು 2022ರಲ್ಲಿ 243 ಆಯಿತು. ಸರ್ಕಾರ ಬದಲಾಯಿತು, 2023ರಲ್ಲಿ 225ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯನ್ನು ಒಡೆದು ಐದು ಪಾಲಿಕೆ ಮಾಡಿದ ಮೇಲೆ ಒಟ್ಟು ವಾರ್ಡ್‌ಗಳ ಸಂಖ್ಯೆ 360 ದಾಟಿತು. ಗಡಿ ಗುರುತಿಸುವುದು, ಮೀಸಲಾತಿ ಪಟ್ಟಿ ಮಾಡುವುದು, ಅದರ ಮೇಲೆ ಆಕ್ಷೇಪಣೆ, ಆಕ್ಷೇಪಣೆಯ ಮೇಲೆ ತಕರಾರು ಅರ್ಜಿ. ಅಷ್ಟರಲ್ಲಿ ಮತ್ತೆ ಹೊಸ ಗಡಿ. ಗೆರೆ ಎಳೆಯುವವರ ಕೈಗೆ ಬಿಡುವಿರಲಿಲ್ಲ, ಮತಗಟ್ಟೆಯ ಬಾಗಿಲು ಮಾತ್ರ ತೆರೆಯಲಿಲ್ಲ.

ಇದು ಮೊದಲ ಸಲವೂ ಅಲ್ಲ. 2006ರ ನವೆಂಬರ್‌ನಲ್ಲಿ ಕೌನ್ಸಿಲ್‌ನ ಅವಧಿ ಮುಗಿದಾಗ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಪಾಲಿಕೆ ಕಟ್ಟುತ್ತೇವೆ ಎಂದರು. ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. 2015ರ ಏಪ್ರಿಲ್‌ನಲ್ಲಿ ಪಾಲಿಕೆಯನ್ನು ಮೂರು ಹೋಳು ಮಾಡುತ್ತೇವೆ ಎಂದು ಹೇಳಿ, ಅವಧಿ ಮುಗಿಯಲು ದಿನಗಳು ಉಳಿದಿರುವಾಗ ಕೌನ್ಸಿಲನ್ನು ವಿಸರ್ಜಿಸಿದರು. ನ್ಯಾಯಾಲಯ ಬೆನ್ನು ಹತ್ತಿದ ಮೇಲೆ ಆಗಸ್ಟ್‌ನಲ್ಲಿ ಮತದಾನವಾಯಿತು. 2006ರಲ್ಲಿ ಕೂಡಿಸುವ ನೆಪ, 2015ರಲ್ಲಿ ಒಡೆಯುವ ನೆಪ, 2020ರ ನಂತರ ಎಣಿಸುವ ನೆಪ. ಒಮ್ಮೆ ಆದರೆ ಎಡವಟ್ಟು ಎನ್ನಬಹುದು. ಮೂರು ಸಲ ಆದದ್ದನ್ನು ರೂಢಿ ಎನ್ನಬೇಕು.

ನೆಪಗಳಿಗೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ ಯಾವತ್ತೋ ಹೇಳಿದೆ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ, 2006ರಲ್ಲಿ, ಐದು ವರ್ಷದೊಳಗೆ ಚುನಾವಣೆ ಮುಗಿಸುವುದು ಚುನಾವಣಾ ಆಯೋಗದ ಕರ್ತವ್ಯ ಎಂದಿತು. 2022ರ ಮೇನಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಕ್ಷೇತ್ರ ಮರುವಿಂಗಡಣೆಗಾಗಿ ಚುನಾವಣೆ ಕಾಯಬೇಕಿಲ್ಲ ಎಂದು ಮತ್ತೆ ಹೇಳಿತು. ಆದರೆ ಬೆಂಗಳೂರಿನ ವಿಷಯದಲ್ಲಿ ನ್ಯಾಯಾಂಗದ ಕೈಯೂ ಪೂರ್ತಿ ಶುಭ್ರವಾಗಿಲ್ಲ. ಇದ್ದ 198 ವಾರ್ಡ್‌ಗಳಿಗೇ ಚುನಾವಣೆ ನಡೆಸಿ ಎಂದು 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶಿಸಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ತಾತ್ಕಾಲಿಕ ಎಂದು ಬಂದ ಆ ತಡೆಯ ನೆರಳಿನಲ್ಲಿ ಸರ್ಕಾರಗಳು ವರ್ಷಗಟ್ಟಲೆ ನೆಮ್ಮದಿಯಾಗಿ ಮಲಗಿದವು.

ಸಭೆ ಇಲ್ಲದಿದ್ದರೇನಂತೆ, ಊರು ನಡೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ನಡೆಯಿತು. ಹೇಗೆ ನಡೆಯಿತು ಎಂಬುದನ್ನು ನೋಡಬೇಕು. ಕೌನ್ಸಿಲ್ ಹೋಗಿ ಇನ್ನೂ ತಿಂಗಳಾಗಿರಲಿಲ್ಲ; ಕೋವಿಡ್ ಕಾಲ. ಮಾಸ್ಕ್ ಹಾಕದಿದ್ದರೆ 200 ರೂಪಾಯಿ ಇದ್ದ ದಂಡವನ್ನು ರಾಜ್ಯ ಸರ್ಕಾರ ನಗರಗಳಲ್ಲಿ ಒಮ್ಮೆಲೇ 1,000 ರೂಪಾಯಿಗೆ ಏರಿಸಿತು. ಸಮವಸ್ತ್ರ ತೊಟ್ಟ ಮಾರ್ಷಲ್‌ಗಳು ರಸೀದಿ ಪುಸ್ತಕ ಹಿಡಿದು ಸಿಗ್ನಲ್‌ಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ನಿಂತರು. ದಿನಗೂಲಿಯವನ ಎರಡು ದಿನದ ದುಡಿಮೆಗೆ ಸಮನಾದ ಮೊತ್ತ ಅದು. ಬೀದಿಯಲ್ಲಿ ಜಗಳ, ಕೈ ಕೈ ಮಿಲಾಯಿಸುವ ಹಂತ. ಒಂದು ವಾರದಲ್ಲಿ ಸರ್ಕಾರವೇ ಮಣಿದು ಅದನ್ನು 250ಕ್ಕೆ ಇಳಿಸಿತು. ಸೋಂಕು ತಡೆಯಲು ದಂಡ ಬೇಕಿತ್ತೇ ಎಂಬುದಲ್ಲ ಇಲ್ಲಿನ ಮಾತು. ಈ ದರ ನಮ್ಮ ವಾರ್ಡಿನವರಿಗೆ ತಾಳಲಾಗದು ಎಂದು ಮೊದಲ ದಿನವೇ ಎದ್ದು ನಿಂತು ಹೇಳಬಹುದಾಗಿದ್ದ 198 ಮಂದಿ ಆಗಷ್ಟೇ ಮಾಜಿಗಳಾಗಿದ್ದರು. ಸಭೆಯಲ್ಲಿ ಮುಗಿಯಬೇಕಾದ ಚರ್ಚೆಯನ್ನು ಮಾರ್ಷಲ್ ಮತ್ತು ದಾರಿಹೋಕ ರಸ್ತೆಯಲ್ಲಿ ನಿಂತು ಮಾಡಬೇಕಾಯಿತು.

ಇನ್ನು ಸಂತೆಬೀದಿಗೆ ಬನ್ನಿ. ಸಂಜೆ ಐದರ ಹೊತ್ತಿಗೆ ಫುಟ್‌ಪಾತಿನ ಅಂಚಿನಲ್ಲಿ ಗೋಣಿತಟ್ಟು ಹಾಸಿ ದಂಟು, ಸಬ್ಬಸಿಗೆ, ಮೆಂತ್ಯದ ಕಟ್ಟುಗಳನ್ನು ಜೋಡಿಸಿ ನೀರು ಚಿಮುಕಿಸುತ್ತಿರುವ ಹೆಂಗಸು. ಬೀದಿಯ ತುದಿಯಿಂದ ‘ಗಾಡಿ ಬಂತು’ ಎಂಬ ಕೂಗು. ಆಕೆ ಮೊದಲು ಎತ್ತಿಕೊಳ್ಳುವುದು ಸೊಪ್ಪನ್ನಲ್ಲ, ತೂಕದ ಯಂತ್ರವನ್ನು. ಸೊಪ್ಪು ನಾಳೆ ಮಾರ್ಕೆಟ್ಟಿನಲ್ಲಿ ಸಾಲಕ್ಕಾದರೂ ಸಿಕ್ಕೀತು, ಯಂತ್ರ ಸಿಗದು. ಬಳಿಕ ತಟ್ಟಿನ ನಾಲ್ಕು ಮೂಲೆ ಒಟ್ಟುಗೂಡಿಸಿ ಬೆನ್ನಿಗೆ ಹಾಕಿಕೊಂಡು ಗಲ್ಲಿಗೆ ನುಗ್ಗಬೇಕು. ಅಷ್ಟರಲ್ಲಿ ಲಾರಿ ಬಂದರೆ ತಟ್ಟೂ ಹೋಯಿತು, ಅಂದಿನ ದುಡಿಮೆಯೂ ಹೋಯಿತು. ಲಾರಿಯ ಹಿಂದೆ ಪೊಲೀಸ್ ಬಂದೋಬಸ್ತ್ ಇರುತ್ತದೆ. ಬೆಂಗಳೂರಿನ ಯಾವ ಹಳೆಯ ಬಡಾವಣೆಯಲ್ಲೂ ಈ ನೋಟ ಹೊಸದಲ್ಲ. 2023ರ ನವೆಂಬರ್‌ನಲ್ಲಿ ಜಯನಗರ 4ನೇ ಬ್ಲಾಕ್‌ನಲ್ಲಿ ನಡೆದ ತೆರವು ಊರಿಗೆಲ್ಲ ಸುದ್ದಿಯಾಯಿತು.

ಈ ಹೆಂಗಸಿಗೆ ಕಾನೂನಿನ ರಕ್ಷಣೆ ಇಲ್ಲವೇ? ಧಾರಾಳವಾಗಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಹೇಳುವುದನ್ನು ಕೇಳಿ: ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದರೆ 30 ದಿನಗಳ ನೋಟಿಸ್ ಕೊಡಬೇಕು. ಸರಕು ಜಪ್ತಿ ಮಾಡಿದರೆ ಏನೇನು ಎತ್ತಿಕೊಂಡೆವು ಎಂದು ಪಟ್ಟಿ ಬರೆದು ಅದರ ಪ್ರತಿಯನ್ನು ವ್ಯಾಪಾರಿಯ ಕೈಗೆ ಕೊಡಬೇಕು. ಶುಲ್ಕ ಕಟ್ಟಿ ಕೇಳಿದರೆ ಕೊಳೆಯುವ ಸರಕನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ನಿಯಮದಂತೆ ವ್ಯಾಪಾರ ಮಾಡುವವರನ್ನು ಪೊಲೀಸರೂ ತಡೆಯುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು. ಇಷ್ಟು ಸ್ಪಷ್ಟವಾಗಿ, ಸೊಪ್ಪು ಬಾಡುತ್ತದೆ ಎಂಬುದನ್ನೂ ನೆನಪಿಟ್ಟುಕೊಂಡು ಬರೆದ ಕಾನೂನು ನಮ್ಮಲ್ಲಿ ಅಪರೂಪ. ಸೊಪ್ಪಿಗೆ ಪಟ್ಟಿ ಬರೆದುಕೊಟ್ಟ ಲಾರಿಯನ್ನು ಊರಿನಲ್ಲಿ ಎಷ್ಟು ಮಂದಿ ನೋಡಿದ್ದಾರೆ?

ಫುಟ್‌ಪಾತ್ ನಡೆಯುವವರದ್ದು ಎಂಬ ಮಾತೂ ನಿಜವೇ. ಮುದುಕರು ರಸ್ತೆಗಿಳಿದು ಬಸ್ಸಿಗೆ ಮೈಯೊಡ್ಡಿ ನಡೆಯಬೇಕೆಂದು ಯಾರೂ ಹೇಳುವುದಿಲ್ಲ. ಎಲ್ಲಿ ಮಾರಬೇಕು, ಎಲ್ಲಿ ನಡೆಯಬೇಕು ಎಂಬ ಈ ಎರಡು ನ್ಯಾಯಗಳ ತಕ್ಕಡಿಯನ್ನು ತೂಗಬೇಕಾದ ಜಾಗ ವಾರ್ಡ್ ಸಭೆ. ಅಲ್ಲಿ ಎರಡೂ ಕಡೆಯವರು ಎದುರುಬದುರು ಕೂರುತ್ತಾರೆ, ಇಬ್ಬರಿಗೂ ಮತ ಇರುತ್ತದೆ. ಕೌನ್ಸಿಲ್‌ನ ಜಾಗದಲ್ಲಿ ಸರ್ಕಾರ ಕೂರಿಸಿದ ಆಡಳಿತಾಧಿಕಾರಿಗೆ ಮತದ ಹಂಗಿಲ್ಲ; ಅವರ ಬಳಿ ಇರುವುದು ಲಾರಿ ಮಾತ್ರ.

ಸಂಚಾರ ದಂಡದ ಕತೆ ಇನ್ನೊಂದು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಎಂದು ಸರ್ಕಾರ ಸಾರಿದಾಗ ಸಂಚಾರ ಠಾಣೆಗಳ ಮುಂದೆ ಸರದಿ ಬೆಳೆಯಿತು. ಒಂಬತ್ತು ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಹಣ ಬಂತು. 2025ರ ಆಗಸ್ಟ್‌ನಲ್ಲಿ ಅದೇ ರಿಯಾಯಿತಿ ಮತ್ತೆ ಬಂತು. ಜನ ಇದರಿಂದ ಕಲಿತ ಪಾಠ ಕಾನೂನು ಪಾಲನೆಯದ್ದಲ್ಲ, ಕಾಯುವುದರದ್ದು: ಚಲನ್ ಬಂದರೆ ಸುಮ್ಮನಿರು, ಆಷಾಢದ ಮಾರಾಟ ಬಂದೇ ಬರುತ್ತದೆ. ಹೀಗೆ ಬಂದ ಹಣ ಸೇರುವುದು ರಾಜ್ಯದ ಬೊಕ್ಕಸಕ್ಕೆ. ಯಾವ ಗುಂಡಿಯನ್ನು ತಪ್ಪಿಸಲು ಸವಾರ ಗೆರೆ ದಾಟಿದನೋ ಆ ಗುಂಡಿಯನ್ನು ಮುಚ್ಚುವ ಹೊಣೆ ಪಾಲಿಕೆಯದ್ದು. ದಂಡ ಹಾಕುವವರ ಬಳಿ ರಸ್ತೆಯಿಲ್ಲ, ರಸ್ತೆಯ ಹೊಣೆಯಿರುವವರ ಬಳಿ ದಂಡದ ಹಣವಿಲ್ಲ. ಮಳೆಗಾಲದಲ್ಲಿ ಸಂಚಾರ ಪೊಲೀಸರೇ ಪ್ಯಾಂಟು ಮಡಚಿ, ಒಡೆದ ಇಟ್ಟಿಗೆ, ಜಲ್ಲಿ ತಂದು ಗುಂಡಿಗೆ ಸುರಿದು ಬೂಟಿನಿಂದ ತುಳಿದು ಗಟ್ಟಿ ಮಾಡುವ ಚಿತ್ರ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದುಗರು ಭೇಷ್ ಎನ್ನುತ್ತಾರೆ. ಆ ಪೇದೆಗೆ ನಮ್ಮ ನಮಸ್ಕಾರ ಸಲ್ಲಲಿ. ಆದರೆ ಪೇದೆ ಗುಂಡಿ ಮುಚ್ಚುವ ಊರಿನಲ್ಲಿ ಯಾವುದೋ ಕುರ್ಚಿ ಖಾಲಿಯಿದೆ ಎಂದೇ ಅದರ ಅರ್ಥ.

ಖಾಲಿ ಕುರ್ಚಿಗೆ ಪ್ರಾಣದ ಬೆಲೆಯೂ ಇದೆ. 2023ರ ಮೇ 21ರ ಮಳೆಯಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್ ತುಂಬಿ, ಕುಟುಂಬದೊಂದಿಗೆ ಕಾರಿನಲ್ಲಿದ್ದ ಯುವತಿ ನೀರಿನಲ್ಲಿ ಸಿಲುಕಿ ಸತ್ತಳು. ವಿಧಾನಸೌಧದಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ಚರಂಡಿ ಕಟ್ಟಿಕೊಳ್ಳದಂತೆ ನೋಡಬೇಕಾದದ್ದು ಪಾಲಿಕೆ, ನೀರು ನಿಂತಾಗ ವಾಹನ ತಡೆಯಬೇಕಾದದ್ದು ಸಂಚಾರ ಪೊಲೀಸ್. ಅದೇ ವರ್ಷದ ನವೆಂಬರ್‌ನಲ್ಲಿ ಕಾಡುಗೋಡಿ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ, ಕಂಕುಳಲ್ಲಿದ್ದ ಹಸುಗೂಸು ಇಬ್ಬರೂ ಸತ್ತರು. ಫುಟ್‌ಪಾತ್ ಪಾಲಿಕೆಯದ್ದು, ತಂತಿ ಬೆಸ್ಕಾಂನದ್ದು. ನೀರು ಜಲಮಂಡಳಿಗೆ, ಬಸ್ಸು ಬಿಎಂಟಿಸಿಗೆ, ಯೋಜನೆ ಆಗ ಬಿಡಿಎಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಯಾದಾಗ 12ನೇ ಅನುಸೂಚಿಯಲ್ಲಿ 18 ಹೊಣೆಗಳನ್ನು ನಗರಾಡಳಿತಕ್ಕೆಂದು ಪಟ್ಟಿ ಮಾಡಿತು. ನಗರ ಯೋಜನೆ ಅದರಲ್ಲಿದೆ, ನೀರು ಪೂರೈಕೆ ಇದೆ, ಬೀದಿದೀಪ ಇದೆ. ಮೂರು ದಶಕ ದಾಟಿದರೂ ಬೆಂಗಳೂರಿನ ನೀರು, ಯೋಜನೆ ಎರಡೂ ರಾಜ್ಯ ಸರ್ಕಾರ ನೇಮಿಸಿದವರ ಕೈಯಲ್ಲೇ ಇವೆ.

ಇನ್ನು ಪೊಲೀಸ್. ಅದು ಸಂವಿಧಾನದ ರಾಜ್ಯ ಪಟ್ಟಿಯಲ್ಲಿರುವ ವಿಷಯ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ನಡೆಯುತ್ತದೆ. ಜಿಲ್ಲೆಗಳಲ್ಲಿ ನಿಷೇಧಾಜ್ಞೆ ಹೊರಡಿಸುವುದು ಜಿಲ್ಲಾ ಮ್ಯಾಜಿಸ್ಟ್ರೇಟ್, ಜಾರಿ ಮಾಡುವುದು ಪೊಲೀಸ್. ಕಮಿಷನರೇಟ್ ಇರುವ ಬೆಂಗಳೂರಿನಲ್ಲಿ ಎರಡೂ ಕೆಲಸ ಒಬ್ಬರೇ ಅಧಿಕಾರಿಯದ್ದು. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗೆ ಜನ ಸಿದ್ಧರಾದಾಗ 144ನೇ ಸೆಕ್ಷನ್ ಬಂತು. ಕೊಟ್ಟಿದ್ದ ಅನುಮತಿಗಳು ರದ್ದಾದವು. ಪುರಭವನದ ಬಳಿ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಆ ಆದೇಶ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂದು ಹೈಕೋರ್ಟ್ ಹೇಳುವ ಹೊತ್ತಿಗೆ 2020ರ ಫೆಬ್ರುವರಿ. ತೀರ್ಪು ಬಂತು, ಹೋದ ದಿನ ಬರಲಿಲ್ಲ. ಈಗಂತೂ ಪ್ರತಿಭಟನೆ ಎಂದರೆ ಫ್ರೀಡಂ ಪಾರ್ಕ್ ಒಂದೇ ಎಂಬ ನಿಯಮ ಇದೆ. ಹಿಂದೆ ಕೇಂದ್ರ ಕಾರಾಗೃಹವಾಗಿದ್ದ ಜಾಗ ಅದು. ಜನರ ದನಿಗೆ ಸರ್ಕಾರ ಗುರುತಿಸಿ ಕೊಟ್ಟ ಜಾಗ ಹಳೆಯ ಜೈಲಿನ ಅಂಗಳ ಎಂಬುದಕ್ಕೆ ಬೇರೆ ಟೀಕೆ ಬೇಕಿಲ್ಲ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಕಾಲ್ತುಳಿತಕ್ಕೆ 11 ಜನ ಸತ್ತರು. ಒಂದೆಡೆ ವಿಧಾನಸೌಧದ ಮೆಟ್ಟಿಲ ಮೇಲೆ ಗೆದ್ದು ಬಂದ ಕ್ರಿಕೆಟ್ ತಂಡಕ್ಕೆ ಸರ್ಕಾರದ ಸನ್ಮಾನ, ಇನ್ನೊಂದೆಡೆ ಕ್ರೀಡಾಂಗಣದಲ್ಲಿ ಸಂಭ್ರಮ, ನಡುವೆ ಲಕ್ಷಗಟ್ಟಲೆ ಜನ. ಮರುದಿನವೇ ಪೊಲೀಸ್ ಕಮಿಷನರ್ ಸೇರಿ ಅಧಿಕಾರಿಗಳು ಅಮಾನತಾದರು. ಎರಡು ತಿಂಗಳು ತುಂಬುವ ಮೊದಲೇ ಅಮಾನತು ರದ್ದಾಯಿತು. ಅವರು ತಪ್ಪಿತಸ್ಥರೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ. ಸರ್ಕಾರ ನೇಮಿಸಿದ ಅಧಿಕಾರಿಯನ್ನು ಸರ್ಕಾರವೇ ಎತ್ತಿ, ಇಳಿಸಿ, ಮತ್ತೆ ಎತ್ತಿದಾಗ ಊರಿಗೆ ಅದರಲ್ಲಿ ಪಾತ್ರವೇ ಇರಲಿಲ್ಲ. ಬೆಂಗಳೂರಿನ ಹೆಸರು ಹೊತ್ತ ತಂಡದ ವಿಜಯೋತ್ಸವದಲ್ಲಿ ಬೆಂಗಳೂರಿನವರು ಸತ್ತ ದಿನ ಊರಿನ ಪರವಾಗಿ ಶೋಕಿಸಲು, ಊರಿನ ಪರವಾಗಿ ಸಿಡಿದೇಳಲು ಒಬ್ಬ ಮೇಯರ್ ಇರಲಿಲ್ಲ.

ಹಾಗಾದರೆ ಪೊಲೀಸರನ್ನು ಪಾಲಿಕೆಯ ಕೈಗೇ ಕೊಟ್ಟುಬಿಡೋಣವೇ? ಅಷ್ಟು ಸುಲಭದ ಉತ್ತರವನ್ನು ನಾವು ಒಪ್ಪುವುದಿಲ್ಲ. ಅಮೆರಿಕದ ಅನೇಕ ನಗರಗಳಲ್ಲಿ ಪೊಲೀಸ್ ಇಲಾಖೆ ನಗರದ್ದೇ. ಮಿನಿಯಾಪೊಲಿಸ್‌ನ ಸನ್ನದು ಪೊಲೀಸರ ಮೇಲಿನ ಪೂರ್ಣ ಅಧಿಕಾರವನ್ನು ಮೇಯರ್‌ಗೆ ಕೊಡುತ್ತದೆ. ಜನಸಂಖ್ಯೆಗೆ ತಕ್ಕಂತೆ ಎಷ್ಟು ಸಿಬ್ಬಂದಿ ಇರಲೇಬೇಕೆಂದೂ ಹೇಳುತ್ತದೆ. ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ, 2021ರ ನವೆಂಬರ್‌ನಲ್ಲಿ, ಆ ಸಾಲುಗಳನ್ನೇ ತೆಗೆದುಹಾಕಬೇಕೇ ಎಂದು ನಿವಾಸಿಗಳ ಮತ ಕೇಳಿದರು; ಜನ ಬೇಡ ಎಂದರು. ಸನ್ನದಿನ ಒಂದು ಸಾಲಿನ ಮೇಲೆ ನಿವಾಸಿ ಮತ ಹಾಕುವ ಭಾಗ್ಯ ನಮ್ಮಲ್ಲಿ ಕನಸು. ಆದರೆ ಅದೇ ದೇಶದ ಮಿಸೌರಿ ರಾಜ್ಯದ ಫರ್ಗುಸನ್ ಊರನ್ನೂ ನೋಡಬೇಕು. ಅಲ್ಲಿನ ಪೊಲೀಸರು, ಅಲ್ಲಿನ ಕೋರ್ಟು ಎರಡೂ ಊರಿನವೇ. ಊರಿನ ಖಜಾನೆ ತುಂಬಲು ಪೊಲೀಸರು ದಂಡ ಹಾಕುತ್ತಿದ್ದರು ಎಂದು 2015ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ವರದಿ ಬಯಲು ಮಾಡಿತು. ಸುಮಾರು 21 ಸಾವಿರ ಜನರ ಊರಿನ ಕೋರ್ಟಿನಲ್ಲಿ 16 ಸಾವಿರಕ್ಕೂ ಹೆಚ್ಚು ಜನರ ಮೇಲೆ ಬಂಧನದ ವಾರಂಟ್‌ಗಳು ಬಾಕಿ ಇದ್ದವು. ಹೊರೆ ಹೊತ್ತವರಲ್ಲಿ ಬಹುಪಾಲು ಕಪ್ಪು ಜನ. ಅಧಿಕಾರ ಊರಿನ ಕೈಗೆ ಬಂದರೆ ಸಾಲದು, ದಂಡದ ಹಣ ಅಧಿಕಾರಿಯ ಆಸೆ ಕೆರಳಿಸಬಾರದು, ದೂರು ಕೇಳುವ ಕಿವಿ ಬೇರೆ ಇರಬೇಕು.

ನಮ್ಮಲ್ಲಿ ಆ ಕಿವಿಯನ್ನೂ ಕಾಗದದ ಮೇಲೆ ಬರೆದಿಟ್ಟಿದ್ದಾರೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ರಾಜ್ಯದಲ್ಲೂ, ಪ್ರತಿ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದಿತು. ಕರ್ನಾಟಕ ಆರು ವರ್ಷ ತಡವಾಗಿ, 2012ರಲ್ಲಿ, ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಠಾಣೆಯಲ್ಲಿ ಅವಮಾನವಾದವರು, ರಾತ್ರಿ ಗಸ್ತಿನ ಹೊಯ್ಸಳ ವಾಹನದವರಿಗೆ ‘ಕೈ ಬಿಸಿ’ ಮಾಡಿ ಬಂದವರು ಆ ಪ್ರಾಧಿಕಾರದ ಬಾಗಿಲು ಎಲ್ಲಿದೆ ಎಂದು ಕೇಳಿದರೆ ಠಾಣೆಯ ಗೋಡೆಯ ಮೇಲೂ ಉತ್ತರ ಸುಲಭಕ್ಕೆ ಸಿಗುವುದಿಲ್ಲ.

ಎದುರುವಾದ ಒಂದನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ‘ಕಾರ್ಪೊರೇಟರ್‌ಗಳಿಲ್ಲದೆ ನೆಮ್ಮದಿಯಾಗಿದ್ದೇವೆ’ ಎಂದು ಮಧ್ಯಮವರ್ಗದ ಮನೆಗಳಲ್ಲಿ ಹೇಳುವುದುಂಟು. ಮನೆ ಕಟ್ಟುವವರ ಹತ್ತಿರ ಮಾಮೂಲು, ಗುತ್ತಿಗೆಯಲ್ಲಿ ಪಾಲು. ಹಳೆಯ ಕೌನ್ಸಿಲ್‌ಗಳ ಈ ಕತೆಗಳು ಸುಳ್ಳಲ್ಲ. ಆದರೆ ಕಾರ್ಪೊರೇಟರ್ ಹೋದ ಮೇಲೆ ಮಾಮೂಲು ನಿಂತಿತೇ ಎಂದು ಮನೆ ಕಟ್ಟಿಸುತ್ತಿರುವವರನ್ನೇ ಕೇಳಿ. ತೆಗೆದುಕೊಳ್ಳುವವರು ಬದಲಾದರು, ಅಷ್ಟೇ. ಕೆಟ್ಟ ಕಾರ್ಪೊರೇಟರನ್ನು ಬೆಳಗ್ಗೆ ಹೋಟೆಲಿನ ಮುಂದೆ ತಡೆದು ನಿಲ್ಲಿಸಬಹುದು, ಐದು ವರ್ಷಕ್ಕೆ ಮನೆಗೆ ಕಳಿಸಬಹುದು. ಕೆಟ್ಟ ಅಧಿಕಾರಿ ವರ್ಗವಾಗಿ ಹೋಗುತ್ತಾನೆ, ಬಡ್ತಿಯ ಮೇಲೆ. ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲಾಗಿದ್ದ ಸಭೆ ಅದು. ಅದನ್ನು ಕಳಚಿದ ಮೇಲೆ ಚರಂಡಿ, ನಲ್ಲಿ, ಬೀದಿದೀಪದ ದೂರು ಹೊತ್ತ ಹೆಂಗಸರು ಶಾಸಕರ ಕಚೇರಿಯ ಸರದಿಯಲ್ಲಿ ನಿಲ್ಲಬೇಕಾಯಿತು. ಇಲ್ಲಿಯೇ ಗುಟ್ಟಿರುವುದು. ಕೌನ್ಸಿಲ್ ಇಲ್ಲದಿದ್ದರೆ ವಾರ್ಡಿನ ಅನುದಾನದ ಕೀಲಿಕೈ ಶಾಸಕರ ಜೇಬಿಗೆ ಬರುತ್ತದೆ. ಚುನಾವಣೆ ತಡವಾದಷ್ಟೂ ಲಾಭವಾಗುವುದು ಯಾರಿಗೆಂದು ತಿಳಿದರೆ, ಯಾವ ಪಕ್ಷದ ಶಾಸಕರೂ ಸದನದಲ್ಲಿ ಇದಕ್ಕಾಗಿ ಮೇಜು ಕುಟ್ಟದ ಕಾರಣವೂ ತಿಳಿಯುತ್ತದೆ.

ಹೊಸ ಸನ್ನದು ಈ ಕಾಯಿಲೆಗೆ ಮದ್ದಾದೀತೇ? ಐದು ಪಾಲಿಕೆಗಳ ಮೇಲೆ ಕೂರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು, ಬೆಂಗಳೂರು ಅಭಿವೃದ್ಧಿ ಸಚಿವರು ಉಪಾಧ್ಯಕ್ಷರು. ಚದುರಿದ ಸಂಸ್ಥೆಗಳನ್ನು ಒಂದೇ ಮೇಜಿಗೆ ತರುವ ಉದ್ದೇಶ ಸರಿಯಾದದ್ದೇ. ಆದರೆ ಆ ಮೇಜಿನ ತಲೆಯಲ್ಲಿ ಕೂರುವವರು ರಾಜ್ಯದ ಮುಖ್ಯಮಂತ್ರಿ. ಬೀದರ್‌ನಿಂದ ಚಾಮರಾಜನಗರದವರೆಗೆ ಹೊಣೆ ಹೊತ್ತವರು ಒಂದು ಊರಿನ ಕಸ, ಚರಂಡಿಗೂ ಅಧ್ಯಕ್ಷರಾದರೆ ಐವರು ಮೇಯರ್‌ಗಳು ಸಭೆಯಲ್ಲಿ ಅರ್ಜಿದಾರರಾಗಿ ಉಳಿಯುತ್ತಾರೆ. ಈ ವ್ಯಾಧಿ ರಾಜಧಾನಿಗೆ ಸೀಮಿತವೂ ಅಲ್ಲ. ಮೈಸೂರು, ಶಿವಮೊಗ್ಗ ಪಾಲಿಕೆಗಳ ಅವಧಿ 2023ರಲ್ಲಿ, ಮಂಗಳೂರಿನದ್ದು 2025ರ ಆರಂಭದಲ್ಲಿ ಮುಗಿಯಿತು. ಅಲ್ಲೂ ಆಡಳಿತಾಧಿಕಾರಿಗಳೇ ಬಂದು ಕೂತರು. ಬೆಂಗಳೂರಿನಲ್ಲಿ ದಕ್ಕಿಸಿಕೊಂಡದ್ದನ್ನು ರಾಜ್ಯಕ್ಕೆಲ್ಲ ಹಂಚಿದ ಹಾಗಾಯಿತು.

ಆದ್ದರಿಂದ ಚುನಾವಣೆಯ ದಿನ ಬಂದು ಶಾಯಿ ಹಚ್ಚಿದ ಮಾತ್ರಕ್ಕೆ ಈ ಕಡತ ಮುಚ್ಚುವಂತಿಲ್ಲ. ಅವಧಿ ಮುಗಿಯುವ ದಿನ ಚಾಲ್ತಿಯಲ್ಲಿರುವ ವಾರ್ಡ್‌ಗಳಿಗೇ ಚುನಾವಣೆ ಆಗತಕ್ಕದ್ದು, ಹೊಸ ಗಡಿ ಮುಂದಿನ ಕೌನ್ಸಿಲ್‌ಗೆ ಮಾತ್ರ ಅನ್ವಯ ಎಂದು ಕಾಯ್ದೆಯಲ್ಲೇ ಬರೆಯಬೇಕು. ಆರು ತಿಂಗಳು ಮೀರಿದ ಆಡಳಿತಾಧಿಕಾರಿಗೆ ತೆರಿಗೆ, ಶುಲ್ಕ, ದಂಡದ ದರ ಏರಿಸುವ ಅಧಿಕಾರ ತಾನಾಗಿ ತಪ್ಪಬೇಕು; ಪ್ರಾತಿನಿಧ್ಯವಿಲ್ಲದೆ ತೆರಿಗೆಯೇರಿಕೆ ಇಲ್ಲ ಎಂಬ ನಿಯಮ ಬಂದರೆ ಸರ್ಕಾರಕ್ಕೆ ಚುನಾವಣೆಯ ಅವಸರ ತಾನಾಗಿ ಹುಟ್ಟುತ್ತದೆ. ಸಂಚಾರ ದಂಡದ ಒಂದು ಪಾಲು ಆಯಾ ಪಾಲಿಕೆಯ ರಸ್ತೆ, ಫುಟ್‌ಪಾತ್ ದುರಸ್ತಿಗೇ ಮೀಸಲಾಗಬೇಕು, ಪೊಲೀಸ್ ಠಾಣೆಯ ಗುರಿಗೆ ಅಲ್ಲ. ಪ್ರತಿ ವಾರ್ಡ್ ಸಭೆಗೆ ಆ ಸರಹದ್ದಿನ ಇನ್‌ಸ್ಪೆಕ್ಟರ್ ಬಂದು, ತಿಂಗಳಲ್ಲಿ ಎಷ್ಟು ದೂರು ಬಂತು, ಎಷ್ಟು ದಂಡ ಹಾಕಿದೆವು, ಎಷ್ಟು ಜನರನ್ನು ಎಬ್ಬಿಸಿದೆವು ಎಂದು ಜನರೆದುರು ಓದಿ ಹೇಳಬೇಕು. ಪೊಲೀಸರ ನೇಮಕ ರಾಜ್ಯದ ಕೈಯಲ್ಲೇ ಇರಲಿ. ಲೆಕ್ಕ ಕೇಳುವ ಹಕ್ಕು ಊರಿಗೆ ಬರಲಿ. ಇವುಗಳಲ್ಲಿ ಯಾವುದಕ್ಕೂ ಸಂವಿಧಾನ ತಿದ್ದಬೇಕಿಲ್ಲ. ವಿಧಾನಮಂಡಲ ಮನಸ್ಸು ಮಾಡಿದರೆ ಒಂದು ಅಧಿವೇಶನ ಸಾಕು. ವಾರ್ಡ್ ಎಣಿಸಲು ಕಳೆದ ವರ್ಷಗಳಲ್ಲಿ ಅಂಥ ಅಧಿವೇಶನಗಳು ಎಷ್ಟು ಬಂದು ಹೋಗಲಿಲ್ಲ?

ಮತ್ತೆ ಆ ಸೊಪ್ಪಿನ ಹೆಂಗಸಿನ ಬಳಿಗೆ. ಜಪ್ತಿ ಮಾಡಿದವರು ಪಟ್ಟಿ ಬರೆದುಕೊಡಬೇಕು, ಯಾವ ದಿನ ವಾಪಸು ಕೊಡುತ್ತೇವೆಂದೂ ಹೇಳಬೇಕು ಎಂಬ ಕಾನೂನನ್ನು ಸರ್ಕಾರ ತನಗೂ ಅನ್ವಯಿಸಿಕೊಳ್ಳಲಿ. 2020ರ ಸೆಪ್ಟೆಂಬರ್ 10ರಿಂದ ಈ ಊರಿನಿಂದ ಎತ್ತಿಕೊಂಡು ಹೋದದ್ದರ ಪಟ್ಟಿ ಹೀಗಿದೆ: ಒಂದು ಕೌನ್ಸಿಲ್, 198 ಕುರ್ಚಿ, ಒಂದು ಇಡೀ ಅವಧಿ, ಎಣಿಕೆಗೆ ಸಿಗದಷ್ಟು ವಾರ್ಡ್ ಸಭೆಗಳು. ಇವುಗಳಲ್ಲಿ ಕೆಲವು ಹಿಂದಿರುಗಿಸಬಹುದಾದ ಸರಕು. ಐದು ವರ್ಷ ಮಾತ್ರ ಸೊಪ್ಪಿನ ಹಾಗೆ. ಅದೇ ದಿನ ಕೊಡದಿದ್ದರೆ ಆಮೇಲೆ ಕೊಟ್ಟು ಪ್ರಯೋಜನವಿಲ್ಲ.